ಅಪ್‌ಡೇಟ್: ಮೂರು ತುಂಡಿನ ವೀಲ್ ಬಿಚ್ಚಿದೆ, ಜೋಡಿಸಿದೆ

ಕಾರವಾರದ ಉಪ್ಪುಗಾಳಿಗೆ ನನ್ನ ಹಳೇ ಕಾರಿನ ಮೂರು ತುಂಡಿನ ವೀಲ್‌ಗಳ (ನಡುವಿನ ಭಾಗ, ಒಳ ರಿಮ್, ಹೊರ ರಿಮ್ ಬೇರೆಬೇರೆ, ಬೋಲ್ಟ್ ಹಾಕಿ ಸೇರಿಸಿದ್ದು) ಬೋಲ್ಟ್ ಕಚ್ಚಿಕೊಂಡಿವೆ, ಪಾಲಿಶ್ ಮಾಡಿಸಲು ಹೇಗೆ ಬಿಚ್ಚುವುದು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ನೀವು ಹೇಳಿದ ಹಾಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ರಾತ್ರಿ ಇಟ್ಟೆ. ಆದರೂ ಮೂರು ಬೋಲ್ಟ್ ಮುರಿದವು. ಸ್ಟೀಲ್ ಬೋಲ್ಟ್, ಅಲ್ಯೂಮಿನಿಯಂ ವೀಲ್, ನಡುವೆ ಉಪ್ಪುನೀರು. ಸಂದಿಯಲ್ಲಿ ಅಲ್ಯೂಮಿನಿಯಂ ತುಕ್ಕಿನ ಬಿಳಿ ಪುಡಿ ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಬೋಲ್ಟ್ ತೆಗೆದ ಮೇಲೂ ತುಂಡುಗಳು ಬಿಡಲಿಲ್ಲ. ಗಾಳಿ ಸೋರದಂತೆ ಸಂದಿಗೆ ಹಚ್ಚಿದ್ದ ಹಳೇ ಸಿಲಿಕೋನ್ ಅಂಟು! ಬ್ಲೇಡಿನಿಂದ ಸುತ್ತ ಕೊಯ್ದು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದಾಗ ಪಟ್ ಅಂತ ಬಿಟ್ಟಿತು. ಮತ್ತೆ ಅದೇ ಜಾಗಕ್ಕೆ ಕೂರಲಿ ಅಂತ ಮೊದಲೇ ಮೂರೂ ತುಂಡಿಗೆ ಅಡ್ಡ ಗೆರೆ ಎಳೆದಿದ್ದು ಒಳ್ಳೆಯದಾಯಿತು.

ಜೋಡಿಸುವಾಗ ಎಲ್ಲ ಹೊಸ ಬೋಲ್ಟ್. ಎದುರುಬದುರು ಬಿಗಿಮಾಡುತ್ತ, ತಯಾರಕರು ಹೇಳಿದ ಟಾರ್ಕಿಗೆ (ಬಿಗಿಯ ಅಳತೆಗೆ) ನಿಲ್ಲಿಸಿದೆ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ಲೋಹ ತಿನ್ನುತ್ತದೆ, ಆ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ತಗೊಂಡೆ. ಮಳೆಗಾಲದಲ್ಲಿ ಒಣಗುತ್ತದಾ ಅಂತ ಸುಮ್ನೆ ಹೆದರಿದ್ದೆ. ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ನಮ್ಮೂರಲ್ಲಿ ತೇವಕ್ಕೇನು ಬರ, ಅಲ್ವಾ?

ಟಯರ್ ಹಾಕಿ ನೀರಿನ ತೊಟ್ಟಿಗಿಳಿಸಿದಾಗ ಒಂದು ವೀಲಿನಲ್ಲಿ ಸಾಸಿವೆಯಷ್ಟು ಗುಳ್ಳೆ, ಅಂದರೆ ಗಾಳಿ ಸೋರುತ್ತಿದೆ. ನೋಡಿದರೆ, ಪೇಂಟಿನವನು ತುಂಡುಗಳು ಕೂಡುವ ಮುಖಕ್ಕೂ ದಪ್ಪಗೆ ಬಳಿದಿದ್ದ. ಅದನ್ನು ಕೆರೆದು ಮತ್ತೆ ಸಿಲಿಕೋನ್ ಹಚ್ಚಿದ್ದೇನೆ. ನಾಳೆ ಮತ್ತೆ ತೊಟ್ಟಿಗೆ.