ಗಿಡಗಳ ಗುಂಪುಗಳನ್ನು ನೆನಪಿಡುವುದು ಹೇಗೆ? ನಿಮ್ಮ ಅನುಭವ ಹೇಳಿ

ಮಗಳಿಗೆ ಸಸ್ಯಗಳ ವರ್ಗೀಕರಣದ ಪಾಠ ನಡೀತಿದೆ. ಬ್ರಯೋಫೈಟಾ, ಟೆರಿಡೋಫೈಟಾ ಅಂತ ಗಿಣಿಪಾಠ ಒಪ್ಪಿಸುತ್ತಾಳೆ. ಮಾರನೇ ದಿನ ಕೇಳಿದರೆ ಎಲ್ಲ ಕಲಸುಮೇಲೋಗರ. ನನಗೂ ನೆಟ್ಟಗೆ ಗೊತ್ತಿಲ್ಲ. ನೀವೆಲ್ಲ ಹೇಗೆ ಕಲಿತಿರಿ?

*

ಹೆಸರು ಆಮೇಲೆ ಕಲಿಯಲಿ ಬಿಡಿ. ನಾನು ಮಕ್ಕಳಿಗೆ ಕೇಳುವುದು ಎರಡೇ ಪ್ರಶ್ನೆ. ಈ ಗಿಡದಲ್ಲಿ ನೀರು ಹೇಗೆ ಮೇಲೇರುತ್ತದೆ? ಇದರ ಸಂತಾನ ಹೇಗೆ ಹುಟ್ಟುತ್ತದೆ?

ಒದ್ದೆ ಗೋಡೆಯ ಹಾವಸೆಯನ್ನು ಒಂದು ಚಿಟಿಕೆ ಕಿತ್ತು ಅಂಗೈ ಮೇಲಿಟ್ಟು ನೋಡಿ. ಬೇರಿನ ಹಾಗೆ ಕಾಣುವುದು ಬರೀ ಕೂದಲಿನಂಥ ಎಳೆ, ಗೋಡೆ ಹಿಡಿದುಕೊಳ್ಳಲಿಕ್ಕೆ. ನೀರನ್ನು ಹೆಚ್ಚಾಗಿ ಮೈಯಿಂದಲೇ ಹೀರಿಕೊಳ್ಳುತ್ತದೆ. ದೊಡ್ಡ ಗಿಡಗಳಲ್ಲಿರುವಂಥ ಗಟ್ಟಿ ಕೊಳವೆ ಇಲ್ಲದ್ದರಿಂದ ಸಾಮಾನ್ಯವಾಗಿ ಬೆರಳುದ್ದವೂ ಬೆಳೆಯುವುದಿಲ್ಲ. ಒಣಗಿ ಕಂದಾದ ಹಾವಸೆಗೆ ನಾಲ್ಕು ಹನಿ ನೀರು ಬಿಡಿ. ಎಷ್ಟೋ ಜಾತಿಗಳಲ್ಲಿ ಮುದುಡಿದ ಎಲೆ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಬ್ರಯೋಫೈಟಾ ಅಂದರೆ ಇವೇ.

*

ಒಂದು ಮಾತು ಸೇರಿಸುತ್ತೇನೆ. ಕೊಳದ ನೀರಲ್ಲಿ ತೇಲುವ ಹಸಿರಿಗೂ ಗೋಡೆಯ ಹಸಿರಿಗೂ ನಾವು ಪಾಚಿ ಅಂತಲೇ ಹೇಳಿಬಿಡುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿ. ನೀರಿನದಕ್ಕೆ ಎಲೆ, ಕಾಂಡ ಯಾವುದೂ ಇಲ್ಲ, ಅದು ಬೇರೆ. ಹಾಗೇ ಅಣಬೆಯನ್ನು ಗಿಡಗಳ ಪಟ್ಟಿಗೆ ಸೇರಿಸಬೇಡಿ. ಅದು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದಿಲ್ಲ.

*

ಜರೀಗಿಡದ ವಿಷಯದಲ್ಲಿ ನಾನು ಮಾಡಿದ ಎಡವಟ್ಟು ಕೇಳಿ. ಕುಂಡದಲ್ಲಿದ್ದ ಗಿಡದ ಎಲೆ ತಿರುಗಿಸಿದರೆ ಹಿಂದೆಲ್ಲ ಕಂದು ಚುಕ್ಕೆ. ಹುಳ ಬಿತ್ತು ಅಂತ ಔಷಧಿ ಹೊಡೆದೆ. ಹೋಗಲಿಲ್ಲ, ಇನ್ನೂ ಜಾಸ್ತಿ ಹೊಡೆದೆ! ಆಮೇಲೆ ನೋಡಿದರೆ ಚುಕ್ಕೆಗಳು ಸಾಲಾಗಿ, ಅಳೆದು ಇಟ್ಟ ಹಾಗೆ ಕೂತಿವೆ. ಹುಳ ಎಲ್ಲಾದರೂ ಹಾಗೆ ಸಾಲು ಹಿಡಿದು ಕೂರುತ್ತದಾ? ಅವು ಬೀಜಕಗಳ ಗಂಟು, ಬೀಜಕ ಅಂದರೆ ಹೊಸ ಗಿಡ ಹುಟ್ಟಿಸುವ ಪುಡಿಯಂಥ ಕಣ. ಬಲಿತ ಎಲೆಯನ್ನು ಬಿಳಿ ಕಾಗದದ ಮೇಲೆ ಚುಕ್ಕೆ ಕೆಳಗಾಗಿ ಇಟ್ಟು, ಗಾಳಿ ತಾಗದ ಕಡೆ ಒಂದೆರಡು ದಿನ ಬಿಡಿ. ಪುಡಿ ಉದುರುತ್ತದೆ.

ಟೆರಿಡೋಫೈಟಾ ಇದು. ಕೊಳವೆ ಬಂತು, ಹಾಗಾಗಿ ಕೆಲವು ಜರೀಗಿಡ ಮರದಷ್ಟು ಎತ್ತರ ಹೋಗುತ್ತವೆ. ಆದರೆ ಬೀಜ ಇಲ್ಲ. ಬೀಜಕ ಮೊಳೆತು ಮೊದಲು ಉಗುರಿಗಿಂತ ಚಿಕ್ಕ ಹಸಿರು ಹಾಳೆ ಹುಟ್ಟುತ್ತದೆ, ಎಷ್ಟೋ ಸಲ ಹೃದಯದ ಆಕಾರದ್ದು. ಅದರ ಗಂಡು ಕಣ ಹೆಣ್ಣಿನ ಹತ್ತಿರ ಈಜಿಕೊಂಡೇ ಹೋಗಬೇಕು. ಹಾವಸೆಗೂ ಇದೇ ಪಾಡು. ಎರಡೂ ತೇವದ ಜಾಗ ಹುಡುಕುವುದು ಸುಮ್ನೆ ಅಲ್ಲ.

*

ಮೇಲಿನವರ ಮಾತನ್ನೇ ಮುಂದುವರಿಸಿದರೆ ಪೈನ್ ಸುಲಭ. ಪರಾಗ ಗಾಳಿಯಲ್ಲಿ ಬರುತ್ತದೆ, ಈಜುವ ಕೆಲಸ ಇಲ್ಲ. ಬೀಜ ಇದೆ, ಆದರೆ ಹಣ್ಣಿನೊಳಗಿಲ್ಲ. ಒಣಗಿದ ಪೈನ್ ಕಾಯಿಯ (ಕೋನ್) ಪದರ ಬಿಡಿಸಿದರೆ ರೆಕ್ಕೆಯ ಬೀಜ ಅಲ್ಲೇ ಬಯಲಲ್ಲಿ ಕೂತಿರುತ್ತದೆ. ಅದಕ್ಕೇ ಅನಾವೃತಬೀಜಿ.

ಸೈಕಸ್ ನೋಡಿ ತಾಳೆಯ ಜಾತಿ ಅಂದುಕೊಳ್ಳಬೇಡಿ, ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ. ಅದೂ ಇದೇ ಗುಂಪು. ತಮಾಷೆ ಏನೆಂದರೆ ಸೈಕಸ್ ಮತ್ತು ಇದೇ ಗುಂಪಿನ ಗಿಂಕ್ಗೊ ಮರದಲ್ಲಿ ಪರಾಗ ಬಂದ ಮೇಲೂ ಗಂಡು ಕಣ ಕೊನೇ ಚೂರು ದೂರ ಈಜುತ್ತದೆ! ಗಿಂಕ್ಗೊದಲ್ಲಿ ಇದನ್ನು 1896ರಲ್ಲಿ ಜಪಾನಿನ ಹಿರಾಸೆ ಕಂಡುಹಿಡಿದರು.

*

ಹೂಬಿಡುವ ಗಿಡಗಳ ಗುಂಪು ತಿಳಿಯಲಿಕ್ಕೆ ನೆನೆಸಿದ ಕಡಲೆ ಸಾಕು. ಸಿಪ್ಪೆ ತೆಗೆದರೆ ಎರಡು ಹೋಳು, ಅದು ದ್ವಿದಳ. ಮೆಕ್ಕೆಜೋಳ ಹಾಗೆ ಹೋಳಾಗುವುದಿಲ್ಲ, ಏಕದಳ. ಎಲೆಯಲ್ಲಿ ನರ ಬಲೆಯಂತಿದ್ದರೆ ದ್ವಿದಳ, ಗೆರೆ ಎಳೆದಂತಿದ್ದರೆ ಏಕದಳ ಅಂತಾರೆ. ಪೂರ್ತಿ ನಂಬಬೇಡಿ. ಕೆಸುವಿನ ಎಲೆಯಲ್ಲಿ ಬಲೆ ಇದೆ, ಆದರೂ ಏಕದಳ.

*

ಎಲ್ಲರಿಗೂ ಥ್ಯಾಂಕ್ಸ್. ಮೊನ್ನೆ ಜರೀ ಎಲೆಯನ್ನು ಕಾಗದದ ಮೇಲಿಟ್ಟಿದ್ದೆವು. ಇವತ್ತು ಎತ್ತಿದರೆ ಎಲೆಯ ಅಚ್ಚು ಕಂದು ಪುಡಿಯಲ್ಲಿ ಮೂಡಿದೆ. ಮಗಳು ಫ್ಯಾನ್ ಹಾಕಲಿಕ್ಕೂ ಬಿಡುತ್ತಿಲ್ಲ.