ಯೇಸುವನ್ನು ಪ್ರೀತಿಸುತ್ತೇನೆ, ಆದರೆ ಪ್ರಾರ್ಥನೆಯಲ್ಲಿ ಏನೂ ಅನ್ನಿಸುತ್ತಿಲ್ಲ. ಹೀಗಾದರೆ ಸಂಬಂಧ ಮುಗಿಯಿತು ಅಂತಾನಾ?

ಬಾಯಾರಿದ ಜಿಂಕೆ (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ನಾನು ಕರ್ತನನ್ನು ನಂಬಿ ಕೆಲವು ವರ್ಷಗಳಾದವು. ಮೊದಮೊದಲು ಪ್ರಾರ್ಥನೆಗೆ ಮೊಣಕಾಲೂರಿದರೆ ಸಾಕು, ಕಣ್ಣಲ್ಲಿ ತಾನಾಗೇ ನೀರು ಬರುತ್ತಿತ್ತು. ಸತ್ಯವೇದ ತೆರೆದರೆ ಒಂದೊಂದು ವಚನವೂ ನನಗೇ ಹೇಳಿದ ಹಾಗಿರುತ್ತಿತ್ತು. ಈಗ ಹಾಗಿಲ್ಲ. ಓದುತ್ತೇನೆ, ಪ್ರಾರ್ಥಿಸುತ್ತೇನೆ, ಆರಾಧನೆ ತಪ್ಪಿಸುವುದಿಲ್ಲ, ಆದರೆ ಒಳಗೆಲ್ಲಾ ಒಣಗಿಹೋದ ಹಾಗಿದೆ. ಅಕ್ಕಪಕ್ಕದವರು ಕೈಯೆತ್ತಿ ಅಳುತ್ತಾ ಹಾಡುವಾಗ ನಾನು ಸುಮ್ನೆ ನಿಂತಿರುತ್ತೇನೆ.

ಎಫೆಸದ ಸಭೆಗೆ ಕರ್ತನು ಹೇಳಿದ ಮಾತು ಇದೆಯಲ್ಲ, ಮೊದಲಿದ್ದ ಪ್ರೀತಿಯನ್ನು ಬಿಟ್ಟುಬಿಟ್ಟಿದ್ದೀ ಅಂತ (ಪ್ರಕಟನೆ 2:4), ಅದು ನನಗೇ ಹೇಳಿದ್ದಾ ಅಂತ ಭಯವಾಗುತ್ತದೆ. ಆತನ ಮೇಲಿನ ಪ್ರೀತಿ ಅಂದರೆ ಆ ಅನುಭವವೇನಾ? ಇನ್ನೊಂದು ವಿಷಯ. ಕ್ರಿಸ್ತನು ಮದಲಿಂಗ, ಸಭೆ ಮದಲಗಿತ್ತಿ ಅಂತಾರಲ್ಲ, ಅದರಲ್ಲಿ ನನ್ನೊಬ್ಬಳಿಗೆ ಜಾಗ ಎಲ್ಲಿದೆ?

ಬಳ್ಳಿಯ ಕೊಂಬೆ

ತಂಗಿ, ಯೋಹಾನ 21ನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಯೇಸುವನ್ನು ಹಿಡಿದ ರಾತ್ರಿ ಆತನ ಶಿಷ್ಯ ಪೇತ್ರನು ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತು, ಯೇಸುವಿನ ಶಿಷ್ಯ ನಾನಲ್ಲ ಅಂತ ಮೂರು ಸಾರಿ ಹೇಳಿದ್ದ. ಈಗ, ಯೇಸು ಸತ್ತು ಎದ್ದುಬಂದ ಮೇಲೆ, ತಿಬೇರಿಯ ಸಮುದ್ರದಲ್ಲಿ ರಾತ್ರಿಯೆಲ್ಲಾ ಬಲೆ ಬೀಸಿ ಏನೂ ಸಿಗದೆ, ಬೆಳಗಾಗುವಾಗ ದಡದಲ್ಲಿ ನಿಂತವನೊಬ್ಬನ ಮಾತು ಕೇಳಿ ಬಲೆ ಹಾಕಿದರೆ 153 ದೊಡ್ಡ ಮೀನುಗಳು. ದಡಕ್ಕೆ ಬಂದು ನೋಡಿದರೆ ಅಲ್ಲೂ ಇದ್ದಲಿನ ಬೆಂಕಿ. ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ತನ್ನನ್ನು ಬಿಟ್ಟು ಓಡಿಹೋದವರಿಗೆ ಯೇಸು ಮೊದಲು ಊಟ ಬಡಿಸಿದನು. ಮಾತು ಆಮೇಲೆ.

ಕೇಳಿದ್ದಾದರೂ ಏನು? ಯಾಕೆ ಹೀಗೆ ಮಾಡಿದೆ ಅಂತಲ್ಲ. ನನ್ನನ್ನು ಪ್ರೀತಿಸುತ್ತೀಯಾ, ಅಷ್ಟೇ. ಮೂರನೇ ಸಾರಿ ಕೇಳಿದಾಗ ಪೇತ್ರನಿಗೆ ದುಃಖವಾಯಿತು. ಆಗ ಅವನು ತನ್ನ ಕಣ್ಣೀರನ್ನಾಗಲಿ, ಹಳೇ ಉತ್ಸಾಹವನ್ನಾಗಲಿ ಸಾಕ್ಷಿಗೆ ತರಲಿಲ್ಲ. ಕರ್ತನೇ, ನಿನಗೆ ಎಲ್ಲಾ ತಿಳಿದಿದೆ ಅಂದ. ನನ್ನ ಪ್ರೀತಿ ಎಷ್ಟಿದೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು ಅಂತ ಆತನ ಕೈಗೇ ಬಿಟ್ಟುಬಿಟ್ಟ. ನೀವೂ ಪ್ರಾರ್ಥನೆಯಲ್ಲಿ ಅಷ್ಟೇ ಹೇಳಿದರೆ ಸಾಕು. ಅದಕ್ಕೆ ಬಂದ ಉತ್ತರವನ್ನೂ ಗಮನಿಸಿ: ನನ್ನ ಕುರಿಗಳನ್ನು ಮೇಯಿಸು. ಪ್ರೀತಿಸುತ್ತೇನೆ ಅಂದವನಿಗೆ ಕರ್ತನು ತಕ್ಷಣ ತನ್ನವರನ್ನು ಒಪ್ಪಿಸಿದನು.

ಎಫೆಸದ ವಿಷಯಕ್ಕೆ ಬಂದರೆ, ನಾಲ್ಕನೇ ವಚನಕ್ಕೇ ನಿಲ್ಲಬೇಡಿ. ಐದನೆಯದರಲ್ಲಿ, ಎಲ್ಲಿಂದ ಬಿದ್ದೆಯೋ ಜ್ಞಾಪಕ ಮಾಡಿಕೋ, ದೇವರ ಕಡೆಗೆ ತಿರುಗಿಕೋ, ಮೊದಲು ಮಾಡಿದ ಕೆಲಸಗಳನ್ನು ಮಾಡು ಅಂತಿದೆ. ಮೊದಲಿನ ಹಾಗೆ ಅಳು ಅಂತ ಎಲ್ಲೂ ಇಲ್ಲ. ಆ ಸಭೆ ಕಷ್ಟ ತಾಳಿಕೊಂಡಿತ್ತು, ಸುಳ್ಳು ಅಪೊಸ್ತಲರನ್ನು ಕಂಡುಹಿಡಿದಿತ್ತು, ಬೇಸರಗೊಂಡಿರಲಿಲ್ಲ. ಎಲ್ಲಾ ಸರಿಯಾಗಿಯೇ ನಡೆಯುತ್ತಿತ್ತು, ಪ್ರೀತಿ ಮಾತ್ರ ಇರಲಿಲ್ಲ. ನಿಮಗೆ ಅದು ಇಲ್ಲ ಅನ್ನುವುದೇ ನೋವು. ನೀವು ಅವರ ಸಾಲಿನಲ್ಲಿದ್ದೀರಿ ಅಂತ ನನಗೆ ಅನ್ನಿಸುವುದಿಲ್ಲ.

ಮೌನ ಪ್ರಾರ್ಥನೆ

ಮೇಲಿನವರು ಹೇಳಿದ್ದು ಸರಿ. ಇದಕ್ಕೆ ಚರಿತ್ರೆಯಿಂದಲೂ ಒಂದೆರಡು ಸೇರಿಸುತ್ತೇನೆ, ಯಾಕೆಂದರೆ ಹೀಗೆ ಆಗುವುದು ನನಗೊಬ್ಬಳಿಗೇ ಅನ್ನೋ ಯೋಚನೆಯೇ ಮನುಷ್ಯನನ್ನು ಜಾಸ್ತಿ ಕುಗ್ಗಿಸುತ್ತದೆ.

ಸ್ಪೇನಿನ ಆವಿಲಾದ ತೆರೇಸಾ (1515–1582) ಪ್ರಾರ್ಥನೆಯ ಬಗ್ಗೆ ಬರೆದವರಲ್ಲಿ ಬಹಳ ದೊಡ್ಡ ಹೆಸರು. ನಮ್ಮನ್ನು ಪ್ರೀತಿಸುತ್ತಾನೆ ಅಂತ ನಮಗೆ ಗೊತ್ತಿರುವವನ ಜೊತೆ ಸ್ನೇಹದಿಂದ ಮಾತಾಡುವುದೇ ಪ್ರಾರ್ಥನೆ ಅಂತ ಅವರು ಹೇಳಿದ್ದು. ಅದೇ ತೆರೇಸಾ ತಮ್ಮ ಜೀವನದ ಬಗ್ಗೆ ಬರೆಯುವಾಗ, ವರ್ಷಗಟ್ಟಲೆ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಅಂತ ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಿದ್ದೆ ಅಂತಲೂ ಬರೆದಿದ್ದಾರೆ! ಆದರೂ ಹೋಗಿ ಕೂತರು. ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಪತ್ರಗಳು ಪ್ರಕಟವಾದವು. ದಶಕಗಳ ಕಾಲ ದೇವರು ಹತ್ತಿರ ಇದ್ದಾನೆ ಅಂತ ಅನ್ನಿಸದೇ ಇದ್ದ ಕತ್ತಲೆಯನ್ನು ಅವರು ಅದರಲ್ಲಿ ತೋಡಿಕೊಂಡಿದ್ದಾರೆ. ಅಷ್ಟೂ ಕಾಲ ಬಡವರ ಸೇವೆ ನಿಲ್ಲಿಸಲಿಲ್ಲ.

ಸತ್ಯವೇದದಲ್ಲೇ ನೋಡಿ, 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. ಆದರೆ ಶುರುವಾಗುವುದು ಹೇಗೆ? ನನ್ನನ್ನು ರಕ್ಷಿಸುವ ದೇವರೇ ಅಂತ ಕರೆದು. ಏನೂ ಕಾಣದಿದ್ದರೂ ಆತನನ್ನೇ ಕೂಗುವುದು, ಅದು ಸಂಬಂಧ ಅಲ್ವಾ?

ಬಾಯಾರಿದ ಜಿಂಕೆ

ಇಬ್ಬರಿಗೂ ವಂದನೆಗಳು. ಇದ್ದಲಿನ ಬೆಂಕಿ ಎರಡು ಕಡೆ ಬರುವುದನ್ನು ನಾನು ಗಮನಿಸಿಯೇ ಇರಲಿಲ್ಲ. ಮದಲಗಿತ್ತಿಯ ವಿಷಯ ಯಾರಾದರೂ ಹೇಳ್ತೀರಾ?

ತೋಟದ ಬೆಳಗು

ನಾನು ಪ್ರಯತ್ನಿಸುತ್ತೇನೆ. ಇದು ಹಳೇ ಒಡಂಬಡಿಕೆಯಿಂದಲೇ ಬಂದದ್ದು. ಹೋಶೇಯನ ಗ್ರಂಥದಲ್ಲಿ ದೇವರು ತನ್ನನ್ನು ಬಿಟ್ಟುಹೋದ ಇಸ್ರಾಯೇಲನ್ನು ಹೆಂಡತಿಯ ಹಾಗೆ ಮತ್ತೆ ಕರೆಯುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಪೌಲನು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ನೋಡಿ, ಕ್ರಿಸ್ತನು ಸಭೆಯನ್ನು ಪ್ರೀತಿಸಿ ಅದಕ್ಕೋಸ್ಕರ ತನ್ನನ್ನು ಒಪ್ಪಿಸಿಕೊಟ್ಟನು. ಅಂದರೆ ಮದಲಗಿತ್ತಿ ಇಡೀ ಸಭೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಮರೆಯಬಾರದು. ಕೆಲವರು ಇದನ್ನು ತಾವು ಮತ್ತು ಯೇಸು ಇಬ್ಬರೇ ಇರುವ ಪ್ರೇಮದ ಹಾಗೆ ಮಾತಾಡುತ್ತಾರೆ, ಪಕ್ಕದಲ್ಲಿ ಕೂತ ವಿಶ್ವಾಸಿಯ ಜೊತೆ ಮಾತು ಬಿಟ್ಟಿರುತ್ತಾರೆ. ಅದು ಸರಿಯಲ್ಲ.

ಹಾಗಂತ ಗುಂಪಿನಲ್ಲಿ ನೀವು ಕಳೆದುಹೋಗುವುದಿಲ್ಲ. ಸಭೆಗಾಗಿ ಅಂತ ಬರೆದ ಪೌಲನೇ ಗಲಾತ್ಯ 2:20ರಲ್ಲಿ, ನನ್ನನ್ನು ಪ್ರೀತಿಸಿ ನನಗೋಸ್ಕರ ತನ್ನನ್ನು ಒಪ್ಪಿಸಿಕೊಟ್ಟನು ಅಂತ ಬರೆಯುತ್ತಾನೆ. ಸಭೆಯನ್ನು ಹಿಂಸಿಸಿದ ಮನುಷ್ಯ ಹೇಳುವ ಮಾತು ಇದು! ಒಳ್ಳೇ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಅಂತ ಯೋಹಾನ 10ರಲ್ಲಿದೆ. ಅದು ಹೇಗೆ ಅಂತ 20ನೇ ಅಧ್ಯಾಯದಲ್ಲಿ ಕಾಣುತ್ತದೆ. ಮಗ್ದಲದ ಮರಿಯಳು ಸಮಾಧಿಯ ಹತ್ತಿರ ಅಳುತ್ತಾ ನಿಂತಿದ್ದಾಳೆ. ಯೇಸು ಎದುರಿಗೇ ಇದ್ದಾನೆ, ಅವಳು ತೋಟಗಾರ ಅಂದುಕೊಂಡಿದ್ದಾಳೆ. ಆತನು ಮರಿಯಳೇ ಅಂತ ಕರೆದನು. ಆಗ ಗುರುತು ಸಿಕ್ಕಿತು. ಅವಳು ಆತನನ್ನು ಗುರುತಿಸದೇ ಇದ್ದಾಗಲೂ ಆತನಿಗೆ ಅವಳ ಗುರುತಿತ್ತು. ನಿಮ್ಮ ಈಗಿನ ಸ್ಥಿತಿಗೆ ಇದು ಬಹಳ ಹತ್ತಿರ ಅನ್ನಿಸುತ್ತದೆ ನನಗೆ.

ಬಳ್ಳಿಯ ಕೊಂಬೆ

ಚೆನ್ನಾಗಿ ಹೇಳಿದಿರಿ. ತಂಗಿ, ಇನ್ನೊಂದೇ ಮಾತು. ಸದ್ಯಕ್ಕೆ ಸ್ವಂತ ಮಾತು ಬರದಿದ್ದರೆ 42ನೇ ಕೀರ್ತನೆಯನ್ನೇ ಬಾಯಿಬಿಟ್ಟು ಓದಿ, ಒಳಗೆ ಒಣಗಿದೆ ಅಂತ ಇದ್ದದ್ದನ್ನು ಇದ್ದ ಹಾಗೇ ಕರ್ತನಿಗೆ ಹೇಳಿ. ಕರ್ತನ ಭೋಜನಕ್ಕೆ ತಪ್ಪದೆ ಹೋಗಿ. ರೊಟ್ಟಿ ಕೈಗೆ ಬಂದಾಗ ಅಳು ಬರಬೇಕಾಗಿಲ್ಲ, ತೆಗೆದುಕೊಂಡು ತಿನ್ನಿ. ನಿಮ್ಮ ಸಭೆಯಲ್ಲಿ ಕಾಯಿಲೆ ಬಿದ್ದವರು, ಒಬ್ಬಂಟಿಯಾಗಿರುವವರು ಇದ್ದೇ ಇರುತ್ತಾರೆ. ಈ ವಾರ ಅವರಲ್ಲಿ ಒಬ್ಬರ ಹತ್ತಿರ ಹೋಗಿ ಕೂತು ಬನ್ನಿ. ಹೇಗಾಯಿತು ಅಂತ ಇಲ್ಲಿ ಬರೆಯಿರಿ, ನಿಮಗಾಗಿ ಪ್ರಾರ್ಥಿಸುತ್ತಿರುತ್ತೇನೆ.