ಗೋವಾದ ತೋಟದ ಕೆಲಸಕ್ಕೆ ನಂಬಿಕಸ್ತ ಮಧ್ಯಮ ಗಾತ್ರದ ಚೈನ್‌ಸಾ ಯಾವುದು?

ಫೋಂಡಾ ತೋಟಿಗ:

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಶಿರಸಿ ಕಡೆಯವನು. ಈಗ ಗೋವಾದ ಫೋಂಡಾದಲ್ಲಿ ನೆಲೆಸಿದ್ದೇನೆ. ಸತ್ತರಿ ಮತ್ತು ಸಾಂಗೆ ತಾಲ್ಲೂಕುಗಳಲ್ಲಿ ಹಳೆಯ ಗೇರು ಮರಗಳನ್ನು ತೆಗೆದು ಹೊಸ ಸಸಿ ನೆಡುವ ತೋಟದವರಿಗೆ ಮರ ಕೊಯ್ದು, ತುಂಡು ಮಾಡಿ ಕೊಡುವುದು ನನ್ನ ಕೆಲಸ. ಹೆಚ್ಚಿನ ಮರಗಳ ಬೊಡ್ಡೆ ಒಂದರಿಂದ ಒಂದೂವರೆ ಅಡಿ ದಪ್ಪವಿರುತ್ತದೆ. ನಡುನಡುವೆ ಎರಡು ಅಡಿ ಮೀರಿದ ಹಲಸು, ಮಾವುಗಳೂ ಎದುರಾಗುತ್ತವೆ. ನನ್ನಲ್ಲಿರುವ 45 ಸಿಸಿ ಯಂತ್ರ ಮನೆಬಳಕೆಯ ದರ್ಜೆಯದು, ದಿನವಿಡೀ ದುಡಿಸಿದರೆ ಮಧ್ಯಾಹ್ನದ ಹೊತ್ತಿಗೆ ಬಿಸಿಯಾಗಿ ಸರಿಯಾಗಿ ಸ್ಟಾರ್ಟ್ ಆಗುವುದಿಲ್ಲ. ಹೀಗಾಗಿ ವೃತ್ತಿಪರ ದರ್ಜೆಯದೊಂದನ್ನು ಕೊಳ್ಳಬೇಕೆಂದಿದ್ದೇನೆ. 50 ಸಿಸಿ ಸಾಕೇ, 60 ಸಿಸಿಗೆ ಹೋಗಬೇಕೇ? ಆನ್‌ಲೈನಿನಲ್ಲಿ ‘58 ಸಿಸಿ’, ‘62 ಸಿಸಿ’ ಎಂದು ಬರೆದ ಯಂತ್ರಗಳು ಇವುಗಳ ಬೆಲೆಯ ಒಂದು ಪಾಲಿಗೇ ಸಿಗುತ್ತಿರುವಾಗ, ಹೆಚ್ಚು ಹಣ ಕೊಟ್ಟು ನಾನು ನಿಜವಾಗಿ ಪಡೆಯುವುದೇನು?

ಪುಣೆ ಮೆಕ್ಯಾನಿಕ್:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಸುಲಭವಾಗುತ್ತದೆ. ‘58 ಸಿಸಿ’ ಎಂದು ಮಾರಾಟವಾಗುವ ಆ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಸಿಲಿಂಡರಿನ ವ್ಯಾಸ 45.2 ಮಿ.ಮೀ., ಪಿಸ್ಟನ್ ಚಲಿಸುವ ದೂರ 34 ಮಿ.ಮೀ. ಲೆಕ್ಕ ಹಾಕಿ ನೋಡಿದರೆ ಅದು 54.6 ಸಿಸಿ ಆಗುತ್ತದೆಯೇ ಹೊರತು 58 ಅಲ್ಲ. ಆದರೆ ಸಿಸಿಯನ್ನು ನೋಡಿ ಯಂತ್ರ ಕೊಳ್ಳುವುದೇ ಸರಿಯಲ್ಲ ಎಂಬುದು ನನ್ನ ಮುಖ್ಯ ಮಾತು. ಸ್ಟಿಲ್ ಕಂಪನಿಯ ಎಂಎಸ್ 271 ಮತ್ತು ಎಂಎಸ್ 261 ಎರಡೂ 50.2 ಸಿಸಿ ಯಂತ್ರಗಳೇ. ಮೊದಲನೆಯದು 2.6 ಕಿಲೋವ್ಯಾಟ್ ಶಕ್ತಿ ಕೊಟ್ಟು 5.6 ಕಿಲೋ ತೂಗಿದರೆ, ಎರಡನೆಯದು 3.0 ಕಿಲೋವ್ಯಾಟ್ ಕೊಟ್ಟೂ 4.9 ಕಿಲೋ ಮಾತ್ರ ತೂಗುತ್ತದೆ (ಇಂಧನ, ಚೈನ್ ಓಡುವ ಉದ್ದ ಪಟ್ಟಿಯಾದ ಬಾರ್ ಮತ್ತು ಚೈನ್ ಹೊರತುಪಡಿಸಿದ ತೂಕ). ಮೊದಲನೆಯದು ತೋಟದವರಿಗಾಗಿ ಮಾಡಿದ್ದು, ಎರಡನೆಯದು ಕಾಡಿನಲ್ಲಿ ದಿನಗಟ್ಟಲೆ ದುಡಿಯುವವರಿಗಾಗಿ ಮಾಡಿದ್ದು.

ಈ ವ್ಯತ್ಯಾಸ ಯಂತ್ರವನ್ನು ಬಿಚ್ಚಿದಾಗ ಕಣ್ಣಿಗೆ ಕಾಣುತ್ತದೆ. ವೃತ್ತಿಪರ ಯಂತ್ರದ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ನಿನ ಕೆಳಗಿನ ಪೆಟ್ಟಿಗೆ, ಮೆಗ್ನೀಸಿಯಂ ಮಿಶ್ರಲೋಹದ ಎರಡು ಹೋಳುಗಳದಾಗಿದ್ದು, ಸಿಲಿಂಡರನ್ನು ನಾಲ್ಕು ಬೋಲ್ಟುಗಳಿಂದ ಅದರ ಮೇಲೆ ಕೂರಿಸಿರುತ್ತಾರೆ. ಪಿಸ್ಟನ್‌ಗೆ ಗೀರು ಬಿದ್ದಿದೆಯೇ ಎಂದು ನೋಡಬೇಕಾದರೆ ಸಿಲಿಂಡರನ್ನಷ್ಟೇ ಎತ್ತಿದರೆ ಸಾಕು. ಅಗ್ಗದ ದರ್ಜೆಯ ಹಲವು ಯಂತ್ರಗಳಲ್ಲಿ ಇಡೀ ಎಂಜಿನ್ನು ಪ್ಲಾಸ್ಟಿಕ್ ಕವಚದೊಳಗೆ ಕೂತಿರುತ್ತದೆ. ಒಂದು ಆಯಿಲ್ ಸೀಲ್ ಬದಲಿಸಲೂ ಎಲ್ಲವನ್ನೂ ಹೊರತೆಗೆಯಬೇಕು, ಕೂಲಿಯ ಲೆಕ್ಕದಲ್ಲಿ ಅದು ಮಾಲೀಕನಿಗೆ ಗಿಟ್ಟುವುದಿಲ್ಲ. ಇದಲ್ಲದೆ ವೃತ್ತಿಪರ ಯಂತ್ರಗಳಲ್ಲಿ ಚೈನಿಗೆ ಬೀಳುವ ಎಣ್ಣೆಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಬಹುದು, ಏರ್ ಫಿಲ್ಟರಿನ ವಿಸ್ತೀರ್ಣ ದೊಡ್ಡದಿರುತ್ತದೆ, ಕಂಪನ ತಡೆಯಲು ರಬ್ಬರಿನ ಬದಲು ಸ್ಪ್ರಿಂಗ್ ಇರುತ್ತದೆ. ಸಂಜೆ ಬೆರಳುಗಳು ಜೋಮು ಹಿಡಿಯುವವರು ಈ ಕೊನೆಯ ಸಂಗತಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹಸ್ಕ್ವರ್ನಾದ 550 ಎಕ್ಸ್‌ಪಿ ಮಾರ್ಕ್ 2 ಕೂಡ ಇದೇ ವರ್ಗದ್ದು: 50.1 ಸಿಸಿ, 3.0 ಕಿಲೋವ್ಯಾಟ್, 5.3 ಕಿಲೋ. ಎರಡರಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಯಾವ ಕಂಪನಿಯ ಸರ್ವಿಸ್ ಅಂಗಡಿ ನಿಮ್ಮಿಂದ ಅರ್ಧ ದಿನದಲ್ಲಿ ಹೋಗಿ ಬರುವಷ್ಟು ದೂರದಲ್ಲಿದೆಯೋ, ಎಲ್ಲಿ ಕ್ಲಚ್ ಡ್ರಮ್, ಸ್ಟಾರ್ಟರ್ ಹಗ್ಗ, ಕಾರ್ಬ್ಯುರೇಟರ್ ಕಿಟ್ ಕೇಳಿದ ಕೂಡಲೇ ಕಪಾಟಿನಿಂದ ತೆಗೆದುಕೊಡುತ್ತಾರೋ, ಆ ಕಂಪನಿಯದನ್ನು ಕೊಳ್ಳಿರಿ.

ಡೊಂಬಿವಲಿ ಗುತ್ತಿಗೆದಾರ:

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಆದರೆ ಕೆಲಸದ ಸ್ವರೂಪವನ್ನೂ ನೋಡಬೇಕು. ಮುಂಬೈಯಲ್ಲಿ ಮಳೆಗಾಲಕ್ಕೆ ಮುನ್ನ ಸೊಸೈಟಿಗಳ ಗುಲ್‌ಮೊಹರ್ ಮತ್ತು ಮಳೆಮರಗಳ ಕೊಂಬೆ ಸವರುವ ಕೆಲಸ ನಮ್ಮದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಬಿದ್ದ ಮರಗಳನ್ನು ರಸ್ತೆಯಿಂದ ತೆರವು ಮಾಡುವುದರಲ್ಲಿ ನಮ್ಮ ಹುಡುಗರು 50 ಸಿಸಿ ಯಂತ್ರಗಳನ್ನೇ ಬಳಸಿದ್ದರು, ಮತ್ತು ಶಕ್ತಿ ಸಾಲದು ಎಂಬ ಮಾತು ಬಂದದ್ದು ತೀರಾ ದಪ್ಪ ಬುಡಗಳ ಬಳಿ ಮಾತ್ರ. 50 ಸಿಸಿಗೆ 16 ಇಂಚಿನ ಬಾರ್ ಹಾಕಿದರೆ ಅದು ಚುರುಕಾಗಿ ಕೊಯ್ಯುತ್ತದೆ, 18 ಇಂಚಿನವರೆಗೂ ತಡೆಯುತ್ತದೆ. ಅದಕ್ಕೂ ಉದ್ದದ ಬಾರ್ ಹಾಕಿಸಿಕೊಂಡು ಯಂತ್ರವನ್ನು ದೂರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ದಪ್ಪ ಬೊಡ್ಡೆಯನ್ನು ಎರಡು ಬದಿಗಳಿಂದ ಕೊಯ್ದರೆ 16 ಇಂಚಿನ ಬಾರಿನಲ್ಲಿಯೇ ಎರಡು ಅಡಿಯ ಮರ ಮುಗಿಯುತ್ತದೆ.

ಇನ್ನೊಂದು ವಿಷಯ: ಐದು ಕಿಲೋದ ಯಂತ್ರವನ್ನು ಹಗ್ಗ ಕಟ್ಟಿಕೊಂಡು ಮರದ ಮೇಲೆ ಒಯ್ಯಬೇಡಿರಿ. ಮೇಲೆ ಹತ್ತುವವರಿಗೆಂದೇ ಹಿಡಿ ಮೇಲ್ಭಾಗದಲ್ಲಿರುವ, ನಾಲ್ಕು ಕಿಲೋಗಿಂತ ಹಗುರವಾದ ಯಂತ್ರಗಳಿವೆ. ನೆಲದ ಕೆಲಸಕ್ಕೆ ಅವು ತಕ್ಕವಲ್ಲ, ಮೇಲಿನ ಕೆಲಸಕ್ಕೆ ಇದು ತಕ್ಕದ್ದಲ್ಲ. ಮರ ಕೊಯ್ಯುವ ಮುನ್ನ ವೃಕ್ಷ ಅಧಿಕಾರಿಯ ಅನುಮತಿ ಪತ್ರವನ್ನು ತೋಟದ ಮಾಲೀಕರಿಂದ ಕೇಳಿ ನೋಡುವ ಅಭ್ಯಾಸವನ್ನೂ ಇಟ್ಟುಕೊಳ್ಳಿರಿ. ಮರಗಳ ರಕ್ಷಣೆಗೆ ಗೋವಾದಲ್ಲಿ 1984ರ ಕಾಯ್ದೆ ಇದೆ, ಇಲ್ಲಿ ಮಹಾರಾಷ್ಟ್ರದಲ್ಲಿ ನಗರ ಪ್ರದೇಶಗಳಿಗೆ 1975ರದ್ದು.

ಫೋಂಡಾ ತೋಟಿಗ:

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ 50 ಸಿಸಿ ವೃತ್ತಿಪರ ಯಂತ್ರ ಎಂದು ಮನಸ್ಸು ವಾಲುತ್ತಿದೆ. ಅಂಗಡಿಯವರು ಕಾರ್ಬ್ಯುರೇಟರನ್ನು ತಾನೇ ಹೊಂದಿಸಿಕೊಳ್ಳುವ ಎಲೆಕ್ಟ್ರಾನಿಕ್ ಮಾದರಿಯನ್ನೇ ಕೊಳ್ಳಿರಿ ಎನ್ನುತ್ತಾರೆ. ಹಳ್ಳಿಯ ಕೆಲಸಕ್ಕೆ ಸ್ಕ್ರೂ ತಿರುಗಿಸುವ ಸಾದಾ ಕಾರ್ಬ್ಯುರೇಟರೇ ಲೇಸಲ್ಲವೇ ಎಂಬುದು ನನ್ನ ಅನುಮಾನ. ಜೊತೆಗೆ, ವಾಸ್ಕೋದಲ್ಲಿ ಮೀನುಗಾರಿಕೆ ದೋಣಿ ಇಟ್ಟುಕೊಂಡಿರುವ ಸ್ನೇಹಿತರೊಬ್ಬರು ತಮ್ಮ ದೋಣಿ ಎಂಜಿನ್ನಿಗೆ ಹಾಕುವ ಟೂ-ಸ್ಟ್ರೋಕ್ ಎಣ್ಣೆಯನ್ನೇ ಕಡಿಮೆ ದರಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದನ್ನು ಬಳಸಬಹುದೇ?

ಪುಣೆ ಮೆಕ್ಯಾನಿಕ್:

ದೋಣಿಯ ಎಣ್ಣೆ ಬೇಡವೇ ಬೇಡ. ದೋಣಿಯ ಔಟ್‌ಬೋರ್ಡ್ ಎಂಜಿನ್ನು ನೀರಿನಿಂದ ತಂಪಾಗುವಂಥದ್ದು. ಅದಕ್ಕೆ ಮಾಡಿದ ಟಿಸಿ-ಡಬ್ಲ್ಯೂ 3 ದರ್ಜೆಯ ಎಣ್ಣೆ, ಗಾಳಿಯಿಂದ ತಂಪಾಗುತ್ತಾ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಲ್ಲಿ, ಹೆಚ್ಚು ವೇಗದಲ್ಲಿ ತಿರುಗುವ ಚೈನ್‌ಸಾ ಎಂಜಿನ್ನಿಗೆ ತಕ್ಕದ್ದಲ್ಲ. ಡಬ್ಬಿಯ ಮೇಲೆ ಜಾಸೋ ಎಫ್‌ಡಿ (ಟೂ-ಸ್ಟ್ರೋಕ್ ಎಣ್ಣೆಯ ಒಂದು ಜಪಾನಿ ದರ್ಜೆ) ಎಂದಿರುವ ಎಣ್ಣೆಯನ್ನು ತಂದು, ಕಂಪನಿಯ ಕೈಪಿಡಿ 50:1 ಎಂದಿದ್ದರೆ ಐದು ಲೀಟರ್ ಪೆಟ್ರೋಲಿಗೆ 100 ಮಿ.ಲೀ. ಅಳೆದು ಹಾಕಿರಿ. ಅಳತೆ ಎಂದರೆ ಅಳತೆಯೇ, ಡಬ್ಬಿಯ ಮುಚ್ಚಳದ ಅಂದಾಜಲ್ಲ.

ಕಾರ್ಬ್ಯುರೇಟರಿನ ಪ್ರಶ್ನೆಗೆ ಪೆಟ್ರೋಲಿನ ಜೊತೆ ನಂಟಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಎಥನಾಲಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಆಮ್ಲಜನಕವೇ ಆದ್ದರಿಂದ, ಶುದ್ಧ ಪೆಟ್ರೋಲಿಗೆಂದು ಹೊಂದಿಸಿದ ಕಾರ್ಬ್ಯುರೇಟರಿಗೆ ಅದನ್ನು ಹಾಕಿದಾಗ ಎಂಜಿನ್ ಲೀನ್ ಆಗುತ್ತದೆ, ಅಂದರೆ ಬೇಕಾದಷ್ಟು ಇಂಧನ ಸಿಗದೆ ಬಿಸಿ ಏರುತ್ತದೆ. ಅದೇ ಸ್ಥಿತಿಯಲ್ಲಿ ಒತ್ತಿ ದುಡಿಸಿದರೆ ಕೊನೆಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಸ್ಟಿಲ್‌ನ ಎಂ-ಟ್ರಾನಿಕ್, ಹಸ್ಕ್ವರ್ನಾದ ಆಟೋಟ್ಯೂನ್‌ನಂಥ ವ್ಯವಸ್ಥೆಗಳು ಇಂಥ ಬದಲಾವಣೆಗೂ, ಗೋವಾದ ಕಡಲ ಮಟ್ಟದಿಂದ ಮಹಾಬಳೇಶ್ವರದ ಎತ್ತರಕ್ಕೆ ಹೋದರೂ ತಾವೇ ಇಂಧನವನ್ನು ಸರಿದೂಗಿಸಿಕೊಳ್ಳುತ್ತವೆ. ಅವುಗಳ ದೋಷ ಪತ್ತೆಗೆ ಕಂಪನಿಯ ಪರೀಕ್ಷಾ ಉಪಕರಣ ಬೇಕು, ಅದು ಅಧಿಕೃತ ಅಂಗಡಿಯವರ ಬಳಿ ಮಾತ್ರ ಇರುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ‘ಆ ಉಪಕರಣ ನಿಮ್ಮಲ್ಲಿ ಇದೆಯೇ, ಬಳಸಲು ಬಲ್ಲವರು ಇದ್ದಾರೆಯೇ’ ಎಂದು ಕೇಳಿರಿ. ಇಲ್ಲ ಎಂದರೆ ಸಾದಾ ಕಾರ್ಬ್ಯುರೇಟರ್ ಇರುವುದನ್ನೇ ತೆಗೆದುಕೊಂಡು, ಎಂಜಿನ್ನಿನ ವೇಗ ಅಳೆಯುವ ಟ್ಯಾಕೋಮೀಟರ್ ಇರುವವರಿಂದ ಒಮ್ಮೆ ಹೊಂದಿಸಿಕೊಳ್ಳಿರಿ. ಕಿವಿಯಿಂದ ಕೇಳಿ ಹೊಂದಿಸುವವರು ಎಷ್ಟೇ ಅನುಭವಿಗಳಾಗಿದ್ದರೂ ಹೊಸ ಯಂತ್ರವನ್ನು ಅವರ ಕೈಗೆ ಕೊಡಲು ನಾನು ಒಪ್ಪುವುದಿಲ್ಲ.

ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ ಎಂಬುದು ಕೊಂಕಣದ ಮಳೆಗಾಲದಲ್ಲಿ ಸಣ್ಣ ಮಾತಲ್ಲ. ಮಿಶ್ರಣವನ್ನು ಒಂದೆರಡು ವಾರದ ಕೆಲಸಕ್ಕೆ ಬೇಕಾದಷ್ಟೇ ಮಾಡಿರಿ. ಕೆಲಸ ನಿಲ್ಲುವಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ ಇಡಿರಿ. ಜೂನ್‌ನಲ್ಲಿ ಇಂಧನ ತುಂಬಿಸಿಟ್ಟು ಅಕ್ಟೋಬರಿನಲ್ಲಿ ತರುವ ಯಂತ್ರಗಳ ಕಾರ್ಬ್ಯುರೇಟರಿನೊಳಗಿನ ತೆಳು ಪೊರೆ, ಅಂದರೆ ಡಯಾಫ್ರಾಮ್, ಗಟ್ಟಿಯಾಗಿರುವುದನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ.

ಕಾಣಕೋಣ ತೆಂಗು:

ನಾನು ತುಸು ಭಿನ್ನಮತ ಹೇಳಬಯಸುತ್ತೇನೆ. ಸ್ವಂತ ತೋಟದಲ್ಲಿ ನಾನು 59 ಸಿಸಿಯ ಎಂಎಸ್ 362 ಬಳಸುತ್ತಿದ್ದು, ಅದರ 3.5 ಕಿಲೋವ್ಯಾಟ್ ಶಕ್ತಿ ಹಲಸಿನ ದಪ್ಪ ದಿಮ್ಮಿಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ತೂಕ ಐದೂವರೆ ಕಿಲೋ ಆಸುಪಾಸು. ಮರಗಳಲ್ಲಿ ಅರ್ಧಕ್ಕರ್ಧ ದಪ್ಪನೆಯವು, ಕೆಲಸ ನೆಲದ ಮೇಲಿನದು ಎಂದಾದರೆ ಇದನ್ನು ಪರಿಗಣಿಸಿರಿ. ಆದರೆ ನಿಮ್ಮ ಮರಗಳಲ್ಲಿ ಹೆಚ್ಚಿನವು ಗೇರು ಎನ್ನುತ್ತೀರಿ. ಗೇರಿನ ಕೊಂಬೆಗಳು ನೆಲದ ಹತ್ತಿರವೇ ಅಡ್ಡಾದಿಡ್ಡಿ ಹರಡಿಕೊಂಡಿರುವುದರಿಂದ ಬಗ್ಗಿ, ಯಂತ್ರವನ್ನು ಅತ್ತ ಇತ್ತ ತಿರುಗಿಸುತ್ತಾ ಕೊಯ್ಯಬೇಕಾಗುತ್ತದೆ. ಅಲ್ಲಿ ಅರ್ಧ ಕಿಲೋ ಹೆಚ್ಚು ತೂಕವೂ ಸಂಜೆಯ ಹೊತ್ತಿಗೆ ಸೊಂಟದಲ್ಲಿ ಲೆಕ್ಕಕ್ಕೆ ಬರುತ್ತದೆ. ಆ ಕಾರಣಕ್ಕೆ ನಿಮಗೆ 50 ಸಿಸಿಯೇ ಸರಿಯೆಂದು ತೋರುತ್ತದೆ.

ಯಂತ್ರದಷ್ಟೇ ಗಮನವನ್ನು ಚೈನಿನ ಮೇಲೂ ಇಡಿರಿ. ಅಂಗಡಿಯವರು ವೇಗ ತೋರಿಸಲು ಚೂಪು ಮೂಲೆಯ ಫುಲ್ ಚಿಸೆಲ್ ಚೈನ್ ಹಾಕಿಕೊಡುವುದುಂಟು. ಅದು ಸ್ವಚ್ಛವಾದ ಮರದಲ್ಲಿ ಚೆನ್ನಾಗಿ ಓಡಿದರೂ, ಚಿರೆಕಲ್ಲಿನ ಧೂಳು ಹತ್ತಿದ ನಮ್ಮ ಮರಗಳ ಬುಡದಲ್ಲಿ ಬೇಗ ಮೊಂಡಾಗುತ್ತದೆ. ಮೂಲೆ ದುಂಡಗಿರುವ ಸೆಮಿ ಚಿಸೆಲ್ ಚೈನ್ ತುಸು ನಿಧಾನವಾದರೂ ಹರಿತವನ್ನು ಹೆಚ್ಚು ಹೊತ್ತು ಹಿಡಿಯುತ್ತದೆ. ತೆಂಗಿನ ಬೊಡ್ಡೆಯ ಹೊರಪದರದ ಗಟ್ಟಿ ನಾರಿಗಂತೂ ಅದೇ ಬೇಕು. ಹಲಸಿನ ಮೇಣ ಚೈನಿಗೆ ಮೆತ್ತಿಕೊಂಡರೆ ಸೀಮೆಎಣ್ಣೆಯಿಂದ ಒರೆಸಿ, ಮತ್ತೆ ಎಣ್ಣೆ ಹಚ್ಚಿರಿ. ಹೊಟ್ಟು ಚಕ್ಕೆಚಕ್ಕೆಯಾಗಿ ಬೀಳದೆ ಹಿಟ್ಟಿನಂತೆ ಬೀಳಲು ಶುರುವಾದರೆ ಕೆಲಸ ನಿಲ್ಲಿಸಿ ಅರ ಹಿಡಿಯಿರಿ, ಯಂತ್ರವನ್ನು ಒತ್ತಿ ಕೊಯ್ಯಬೇಡಿರಿ. 4.8 ಮಿ.ಮೀ. ದುಂಡು ಅರವನ್ನು 30 ಡಿಗ್ರಿ ಕೋನದಲ್ಲಿ, ಪ್ರತಿ ಹಲ್ಲಿಗೂ ಸಮನಾಗಿ ಎಳೆಯಬೇಕು.

ಪುಣೆ ಮೆಕ್ಯಾನಿಕ್:

ಕಾಣಕೋಣದವರ ಮಾತಿಗೆ ಒಂದು ಸೇರ್ಪಡೆ. 4.8 ಮಿ.ಮೀ. ಅರ .325 ಇಂಚು ಪಿಚ್ಚಿನ (ಚೈನಿನ ಕೊಂಡಿಗಳ ನಡುವಿನ ಅಳತೆ) ಚೈನಿಗೆ ಸರಿ. 50 ಸಿಸಿ ಯಂತ್ರಗಳಿಗೆ ಹೆಚ್ಚಾಗಿ ಬರುವುದೂ ಅದೇ. 60 ಸಿಸಿ ಯಂತ್ರಗಳಲ್ಲಿ ಸಾಮಾನ್ಯವಾಗಿರುವ 3/8 ಇಂಚು ಪಿಚ್ಚಿನ ಚೈನಿಗೆ, ತಯಾರಕರನ್ನು ಅನುಸರಿಸಿ 5.2 ಅಥವಾ 5.5 ಮಿ.ಮೀ. ಅರ ಬೇಕು. ಪ್ರತಿ ಹಲ್ಲಿನ ಮುಂದಿರುವ ಆಳ ನಿಯಂತ್ರಿಸುವ ಗಿಡ್ಡ ಭಾಗ ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಹಲ್ಲನ್ನು ಮಾತ್ರ ಅರೆಯುತ್ತಾ ಅದನ್ನು ಹಾಗೆಯೇ ಬಿಟ್ಟರೆ ಚೈನ್ ಹರಿತವಿದ್ದೂ ಮರವನ್ನು ಕಚ್ಚುವುದಿಲ್ಲ. ಅಂದಾಜಿನಿಂದ ಹೆಚ್ಚು ಅರೆದುಬಿಟ್ಟರೆ ಯಂತ್ರ ಎಗರಿ ಕೊಯ್ಯುವವನ ಕಡೆಗೆ ಹಿಂದೆ ಚಿಮ್ಮುವ ಅಪಾಯ ಹೆಚ್ಚುತ್ತದೆ. ಅದಕ್ಕೆಂದೇ ಸಿಗುವ ಲೋಹದ ಗೇಜನ್ನು ಅರದ ಜೊತೆಯಲ್ಲೇ ಕೊಂಡುಕೊಳ್ಳಿರಿ.